ಸರಣಿ, ಬಿಡಿಹಾಡು ಮತ್ತು ಕವಿಯ ಹೆಸರು: ಭಾವಗೀತೆಯ ಆಲಿಕೆಯನ್ನು ಕುರಿತು

1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಗುರುತಿಸುವುದು ರೂಢಿ. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ಅದರ ಶೀರ್ಷಿಕೆಗೀತೆಯನ್ನು ಶಾಲೆಯ ವಾರ್ಷಿಕೋತ್ಸವದಿಂದ ರಾಜ್ಯೋತ್ಸವದ ವೇದಿಕೆಯವರೆಗೆ ಇಂದಿಗೂ ಹಾಡುತ್ತಾರೆ. ಅದರ ಜೊತೆಯಲ್ಲಿ ಬಂದ ಉಳಿದ ಹಾಡುಗಳನ್ನು ನೆನಪಿನಿಂದ ಹೇಳಬಲ್ಲವರು ಮಾತ್ರ ಕಡಿಮೆ. ಇಡೀ ಸರಣಿಯನ್ನು ಕೇಳುವುದಕ್ಕೂ ಅದರಿಂದ ಒಂದು ಹಾಡನ್ನು ಎತ್ತಿಕೊಂಡು ಕೇಳುವುದಕ್ಕೂ ಇರುವ ಅಂತರವನ್ನು ಕನ್ನಡದ ಸಂದರ್ಭದಲ್ಲಿ ವಿಚಾರಿಸಬೇಕಾದರೆ ಇಲ್ಲಿಂದ ಹೊರಡುವುದು ಸೂಕ್ತ.

ಈ ಚರ್ಚೆ ಪಾಶ್ಚಾತ್ಯ ರಾಕ್ ಸಂಗೀತದ ಸುತ್ತ ಬೆಳೆದದ್ದು. ಬೀಟಲ್ಸ್ ಗುಂಪಿನ 1967ರ ‘ಸಾರ್ಜೆಂಟ್ ಪೆಪ್ಪರ್ಸ್’, ಪಿಂಕ್ ಫ್ಲಾಯ್ಡ್ ಗುಂಪಿನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅಲ್ಲಿ ಪದೇ ಪದೇ ಕೇಳಿಬರುವ ನಿದರ್ಶನಗಳು. 2010ರಲ್ಲಿ ಲಂಡನ್ನಿನ ನ್ಯಾಯಾಲಯವು ಪಿಂಕ್ ಫ್ಲಾಯ್ಡ್ ಹಾಡುಗಳನ್ನು ಗುಂಪಿನ ಒಪ್ಪಿಗೆಯಿಲ್ಲದೆ ಬಿಡಿಬಿಡಿಯಾಗಿ ಮಾರುವಂತಿಲ್ಲ ಎಂದು ಇಎಂಐ ಸಂಸ್ಥೆಗೆ ಹೇಳಿತು. ಅಲ್ಲಿ ಸರಣಿಯೆಂದರೆ ಕಲಾವಿದರು ಮೊದಲಿಂದ ಕೊನೆಯವರೆಗೆ ಯೋಜಿಸಿ ಕಟ್ಟಿದ ಒಂದೇ ಕೃತಿ. ಈ ಅಳತೆಗೋಲನ್ನು ಹಾಗೆಯೇ ತಂದು ನಮ್ಮ ಧ್ವನಿಸುರುಳಿಗಳಿಗೆ ಹಿಡಿದರೆ ಅವುಗಳಲ್ಲಿ ಬಹುಪಾಲು ‘ಆಲ್ಬಂ’ ಎನ್ನಿಸಿಕೊಳ್ಳಲಾರವು. ಕವಿತೆಗಳು ಮೊದಲೇ ಪುಸ್ತಕದಲ್ಲಿದ್ದವು. ಸಂಯೋಜಕರು ಆಯ್ದುಕೊಂಡರು, ಗಾಯಕರು ಹಂಚಿಕೊಂಡು ಹಾಡಿದರು. ಆದರೂ ಇವು ಸಡಿಲವಾದ ಕಟ್ಟುಗಳಾಗಿರಲಿಲ್ಲ ಎಂಬುದು ಈ ಲೇಖನದ ವಾದ. ಇವುಗಳ ಏಕತೆಯನ್ನು ಬೇರೊಂದು ಪರಂಪರೆಯ ಬೆಳಕಿನಲ್ಲಿ ನೋಡಬೇಕು.

ಆ ಪರಂಪರೆ ಕರ್ನಾಟಕ ಸಂಗೀತದ ಸಮುದಾಯ ಕೃತಿಗಳದು. ತ್ಯಾಗರಾಜರ ಘನರಾಗ ಪಂಚರತ್ನಗಳನ್ನು ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಕ್ರಮದಲ್ಲಿ ಒಂದೇ ಬೈಠಕ್ಕಿನಲ್ಲಿ ಹಾಡುತ್ತಾರೆ. ಮುತ್ತುಸ್ವಾಮಿ ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳ ಬಳಕೆ ಬೇರೆ. ಧ್ಯಾನ ಮತ್ತು ಮಂಗಳ ಕೃತಿಗಳ ನಡುವೆ ನಿಲ್ಲುವ ಆ ಒಂಬತ್ತನ್ನು ನವರಾತ್ರಿಯಲ್ಲಿ ದಿನಕ್ಕೊಂದರಂತೆ ಹಾಡುವುದು ರೂಢಿ. ಅವರ ವಾರದ ಏಳು ಗ್ರಹಕೃತಿಗಳು ಏಳು ಸೂಳಾದಿ ತಾಳಗಳಲ್ಲಿವೆ. ಆಯಾ ವಾರಕ್ಕೆ ಆಯಾ ಕೃತಿ. ಇಲ್ಲಿ ಕೇಳುಗನಿಗೆ ಆ ಹೊತ್ತಿಗೆ ಸಿಗುವುದು ಒಂದೇ ಕೃತಿ. ಆದರೆ ಅದು ಯಾವ ಸಾಲಿನ ಎಷ್ಟನೆಯದು, ನಿನ್ನೆ ಏನಾಯಿತು, ನಾಳೆ ಏನಿದೆ ಎಂಬ ಅರಿವು ಅವನಿಗಿದೆ. ಇಡಿಯಾಗಿ ಕೇಳುವುದೆಂದರೆ ಒಂದೇ ಸಮನೆ ಕುಳಿತು ಕೇಳುವುದು ಎಂಬ ಗ್ರಹಿಕೆ ಇಲ್ಲಿ ಸಾಲದಾಗುತ್ತದೆ. ಹಾಡಿನ ನೆಲೆ ತಿಳಿದಿದ್ದರೆ ದಿನಗಳ ಬಿಡುವೂ ಸರಣಿಯನ್ನು ಮುರಿಯುವುದಿಲ್ಲ.

ನೆಲೆ ಮರೆತಾಗ ಏನಾಗುತ್ತದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರ ನಾಮಗಳನ್ನು ಹಿಡಿದು 108 ಕನ್ನಡ ಕೃತಿಗಳನ್ನು ರಚಿಸಿದರು. ಕನ್ನಡದಲ್ಲಿ ಇಷ್ಟು ದೊಡ್ಡ ಸಮುದಾಯ ಕೃತಿ ಅಪರೂಪ. ಕಚೇರಿಯಲ್ಲಿ ಉಳಿದುಕೊಂಡದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೋಹನಕಲ್ಯಾಣಿಯ ಕೃತಿಯೊಂದು ಬಹಳ ಜನಪ್ರಿಯ. ಅದು ನಾಮಾವಳಿಯ ಒಂದು ಮಣಿ ಎಂಬುದನ್ನು ಅರಿತು ಕೇಳುವವರು ವಿರಳ. ರಾಗದ ಸೊಗಸು ಕೈಸೇರಿತು, ರಚನೆಯ ಹಿಂದಿನ ಸಂಕಲ್ಪ ಕೈಬಿಟ್ಟಿತು.

ಬಿಡಿಹಾಡು ಇಂದಿನ ಮೊಬೈಲಿನ ಕೊಡುಗೆಯೇನಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಗ್ರಾಮಫೋನ್ ಮುದ್ರಿಕೆಗಳಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಜಾಗ. ಹಾಡು ಮುಗಿದ ಮೇಲೆ ಆಕೆ ತನ್ನ ಹೆಸರನ್ನು ತಾನೇ ಘೋಷಿಸುತ್ತಿದ್ದಳು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದುದರಿಂದ ಅಲ್ಲಿನವರಿಗೆ ಗುರುತು ಸಿಗಲೆಂದು. 1948ರಲ್ಲಿ ಕೊಲಂಬಿಯಾ ಸಂಸ್ಥೆ ದೀರ್ಘ ಮುದ್ರಿಕೆಯನ್ನು ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿತು. ಭಾರತದಲ್ಲಿ ಆ ವಿಸ್ತಾರವನ್ನು ಸರಣಿಯಾಗಿ ಬಳಸಿದ್ದಕ್ಕೆ 1967ರ ‘ಕಾಲ್ ಆಫ್ ದ ವ್ಯಾಲಿ’ ಉತ್ತಮ ಉದಾಹರಣೆ. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹೀರ್ ಭೈರವದಿಂದ ಆರಂಭಿಸಿ ರಾಗಗಳ ಹೊತ್ತಿನ ಕ್ರಮದಲ್ಲೇ ನಡೆಸಿದರು. ಅದರ ಪಹಾಡಿಯನ್ನು ಮಾತ್ರ ಕೇಳಿದವನಿಗೆ ಇಂಪು ಸಿಗುತ್ತದೆ, ದಿನ ಸಿಗುವುದಿಲ್ಲ.

ರೇಡಿಯೋ ಮೊದಲಿನಿಂದಲೂ ಬಿಡಿಹಾಡಿನ ಮಾಧ್ಯಮ. ಆದರೆ ಆಕಾಶವಾಣಿಯ ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯನ ಇಷ್ಟನ್ನೂ ಹೇಳಿಯೇ ಹಾಡು ಹಾಕುತ್ತಿದ್ದರು. ಪುಸ್ತಕ ಕೊಳ್ಳದವರ ಮನೆಗೂ ಕವಿಯ ಹೆಸರು ಮುಟ್ಟಿದ್ದರಲ್ಲಿ ಈ ಪಾಠದ ಪಾಲು ದೊಡ್ಡದು. ಕೇಳುಗರಿಗೆ ಸರಣಿ ದೊರೆಯದಿದ್ದರೂ ನೆಲೆ ದೊರೆಯುತ್ತಿತ್ತು.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟು ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಏಕಸ್ವಾಮ್ಯವನ್ನು ಒಡೆದು ಪ್ರಾದೇಶಿಕ ಸಂಗೀತಕ್ಕೆ ದಾರಿ ತೆರೆದುದನ್ನು ಪೀಟರ್ ಮ್ಯಾನ್ಯುಯೆಲ್ ‘ಕ್ಯಾಸೆಟ್ ಕಲ್ಚರ್’ (1993) ಗ್ರಂಥದಲ್ಲಿ ವಿವರಿಸಿದ್ದಾರೆ. ಅವರ ಕ್ಷೇತ್ರ ಉತ್ತರ ಭಾರತ. ಕನ್ನಡದಲ್ಲಿ ನಡೆದದ್ದಕ್ಕೆ ಇನ್ನೊಂದು ಮುಖವಿದೆ: ಇಲ್ಲಿ ಕ್ಯಾಸೆಟ್ಟು ಕವನಸಂಕಲನದ ಎರಡನೆಯ ಅವತಾರವಾಯಿತು. ಸಿ. ಅಶ್ವತ್ಥ್ ಸಂಯೋಜಿಸಿದ ‘ಮೈಸೂರು ಮಲ್ಲಿಗೆ’ಯನ್ನು ನೋಡಬೇಕು. ಕೆ. ಎಸ್. ನರಸಿಂಹಸ್ವಾಮಿಯವರ ಸಂಕಲನ ಪ್ರಕಟವಾದದ್ದು 1942ರಲ್ಲಿ. ಅದರ ಕವಿತೆಗಳಲ್ಲಿ ಹೆಸರುಗಳು ಬೇರೆ ಬೇರೆಯಾದರೂ ಲೋಕ ಒಂದೇ: ಹೊಸ ದಾಂಪತ್ಯ, ತವರು, ರಾತ್ರಿ ಮಾವನ ಮನೆಗೆ ಬಂದಿಳಿಯುವ ಅಳಿಯ, ನವಿಲೂರು. ಬಳೆಗಾರ ಚೆನ್ನಯ್ಯ ಬರುವ ಕವಿತೆಯನ್ನು ಒಂಟಿಯಾಗಿ ಕೇಳಿದರೆ ಅದು ಹಳ್ಳಿಯ ಬಳೆಗಾರನ ಮುದ್ದಾದ ಹಾಡು. ಅಕ್ಕಪಕ್ಕದ ಕವಿತೆಗಳೊಡನೆ ಕೇಳಿದರೆ ಅವನು ನಿಂತಿರುವುದು ಯಾರ ಬಾಗಿಲಲ್ಲಿ, ಅವನು ತಂದ ಮಾತು ಯಾರದು, ಗಂಡನ ಮನಸ್ಸು ಆಗ ಯಾವ ಸ್ಥಿತಿಯಲ್ಲಿದೆ ಎಂಬುದು ತಾನಾಗಿ ತೆರೆಯುತ್ತದೆ. ತವರಿಗೆ ಹೋದವಳ ಮೌನವೂ ಹಾಡಿನೊಳಗೆ ಬಂದು ಕೂರುತ್ತದೆ. ಮುಂದೆ ಟಿ. ಎಸ್. ನಾಗಾಭರಣ ಅವರು ಇದೇ ಹೆಸರಿನ ಚಿತ್ರದಲ್ಲಿ ಈ ಕವಿತೆಗಳನ್ನು ಒಂದು ಕಥೆಯಾಗಿ ಹೆಣೆಯಲು ಸಾಧ್ಯವಾದದ್ದು ಅವುಗಳ ನಡುವೆ ಮೊದಲೇ ಈ ಬಗೆಯ ನಂಟು ಇದ್ದುದರಿಂದ. ಧ್ವನಿಸುರುಳಿ ಆ ನಂಟನ್ನು ಕಿವಿಗೆ ತಂದುಕೊಟ್ಟಿತು.

ಯಂತ್ರದ ಸ್ವಭಾವವೂ ನೆರವಾಯಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ ಅರ್ಧ ಗಂಟೆ. ಬೇಕಾದ ಹಾಡಿಗೆ ಸುರುಳಿಯನ್ನು ಓಡಿಸಿ ನಿಲ್ಲಿಸುವುದು ತ್ರಾಸದ ಕೆಲಸವಾದ್ದರಿಂದ ಜನ ಸುಮ್ಮನೆ ಮುಂದಕ್ಕೆ ಕೇಳುತ್ತಿದ್ದರು. ಮೊದಲ ಸಲ ರುಚಿಸದ ಕವಿತೆ ಹತ್ತನೆಯ ಸಲಕ್ಕೆ ಪ್ರಿಯವಾಗುವ ಅವಕಾಶ ಹೀಗೆ ಹುಟ್ಟಿತು. ಕವಿತೆಯ ಮಟ್ಟಿಗೆ ಇದು ಬಹಳ ದೊಡ್ಡ ಲಾಭವೆಂದೇ ನನ್ನ ನಂಬಿಕೆ. ಒಳ್ಳೆಯ ಕವಿತೆಗಳಲ್ಲಿ ಹಲವು ಮೊದಲ ಆಲಿಕೆಗೆ ಒಲಿಯುವುದಿಲ್ಲ.

ಸಿ.ಡಿ. ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಹಾಡು ದಾಟಬಹುದಾಯಿತು. 2003ರಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಅಂಗಡಿ ಹಾಡುಗಳನ್ನು ಬಿಡಿಯಾಗಿ ಮಾರತೊಡಗಿತು. ಈಗಿನ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡುಗಳನ್ನು ಸಾಲುಗೂಡಿಸುವುದು ಕೇಳುಗನ ಅಭ್ಯಾಸವನ್ನು ಲೆಕ್ಕಹಾಕುವ ಗಣಕ. 2021ರ ನವೆಂಬರಿನಲ್ಲಿ ಗಾಯಕಿ ಅಡೆಲ್ ಕೋರಿಕೆಯ ಮೇರೆಗೆ ಸ್ಪಾಟಿಫೈ ತನ್ನ ಆಲ್ಬಂ ಪುಟಗಳಲ್ಲಿ ಹಾಡುಗಳನ್ನು ಕಲಸಿ ನುಡಿಸುವ ಗುಂಡಿಯನ್ನು ಮುಂಚೂಣಿಯಿಂದ ತೆಗೆಯಿತು. ಕ್ರಮವನ್ನು ಉಳಿಸುವುದು ತಂತ್ರಜ್ಞಾನಕ್ಕೆ ಅಸಾಧ್ಯವಲ್ಲ, ಕೇಳುವವರು ಬೇಕು ಎಂಬುದು ಇದರಿಂದ ಸ್ಪಷ್ಟ.

ಸರಣಿಯ ಪರವಾಗಿ ಅತಿರೇಕದ ವಾದ ಬೇಡ. ಚಿತ್ರಗೀತೆಗಳ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಒಂದು ಚಿತ್ರ, ಮತ್ತೊಂದು ಬದಿಗೆ ಇನ್ನೊಂದು ಚಿತ್ರ ಇರುತ್ತಿದ್ದುದುಂಟು. ಅಲ್ಲಿ ಸರಣಿ ಎಂಬುದು ವ್ಯಾಪಾರದ ಅನುಕೂಲವಷ್ಟೇ. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ನಾಡಿನ ತುಂಬ ಹರಡಿದ್ದು ಈ ಸುರುಳಿಗಳು ಬರುವ ಮುನ್ನ. ಅನೇಕ ಕವಿಗಳನ್ನು ಬೆರೆಸಿದ ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಏಕತೆ ಬಂದದ್ದು ಸಂಯೋಜಕನಿಂದ, ಕವಿಯಿಂದಲ್ಲ. ಭಾವಗೀತೆ ತನ್ನಷ್ಟಕ್ಕೆ ಪೂರ್ಣವಾದ ಪ್ರಕಾರ ಎಂಬ ಆಕ್ಷೇಪವೂ ಸರಿಯೇ. ಆದರೆ ಪೂರ್ಣವಾದ ಕವಿತೆಗೂ ಕರ್ತೃ ಇರುತ್ತಾನೆ. ಇಂದಿನ ಆಲಿಕೆಯಲ್ಲಿ ಮೊದಲು ಮರೆಯಾಗುತ್ತಿರುವುದು ಅವನೇ. ತೆರೆಯ ಮೇಲೆ ಹಾಡಿನ ಶೀರ್ಷಿಕೆಯ ಕೆಳಗೆ ಸಾಮಾನ್ಯವಾಗಿ ಕಾಣುವುದು ಗಾಯಕರ ಅಥವಾ ಸಂಯೋಜಕರ ಹೆಸರು. ಕವಿಯನ್ನು ಹುಡುಕಿ ತೆಗೆಯಬೇಕು. ಕ್ಯಾಸೆಟ್ಟಿನೊಳಗಿನ ಮಡಿಸಿದ ಕಾಗದ ಆ ಶ್ರಮವನ್ನು ಉಳಿಸಿತ್ತು.

ಇದು ಗೌರವದ ಪ್ರಶ್ನೆ ಮಾತ್ರವಲ್ಲ. ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು ಹಕ್ಕುಗಳನ್ನು ವಹಿಸಿಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಲೇಖಕನಿಗೆ ಉಳಿಸುತ್ತದೆ. 2012ರ ತಿದ್ದುಪಡಿ ಗೀತರಚನಕಾರರ ರಾಯಧನದ ಹಕ್ಕನ್ನು ಬಲಪಡಿಸಿತು. ಹೆಸರೇ ನಮೂದಾಗದ ಕಡೆ ರಾಯಧನ ತಲುಪುವುದು ಕಷ್ಟ.

ಹಳೆಯ ಧ್ವನಿಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವ ಸಂಸ್ಥೆಗಳು ಮೂಲದ ಕ್ರಮ, ಬದಿಗಳ ವಿಂಗಡಣೆ, ಕವಿ ಮತ್ತು ಸಂಕಲನದ ಹೆಸರು ಇವನ್ನು ಪ್ರತಿ ಹಾಡಿನೊಡನೆ ದಾಖಲಿಸಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕ್ಯಾಸೆಟ್ಟುಗಳನ್ನೂ ಅವುಗಳ ಒಳಹಾಳೆಗಳನ್ನೂ ಹಸ್ತಪ್ರತಿಗಳಷ್ಟೇ ಜತನದಿಂದ ಸಂಗ್ರಹಿಸಬೇಕು. ಕಾಂತೀಯ ಪಟ್ಟಿ ವರ್ಷ ಕಳೆದಂತೆ ಕೆಡುತ್ತಿದೆ, ಕಾಗದ ರದ್ದಿಗೆ ಹೋಗುತ್ತಿದೆ. ಈ ಕೆಲಸ ಈಗಲೇ ಆಗಬೇಕು.