ಓಣಿಯ ಆಯ್ಕೆ: ಸೊಲ್ಲಾಪುರ ಸೇರಿದ ಗಡಿನಾಡ ಕುಟುಂಬಗಳ ನೆಲೆಯ ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಮನೆಯನ್ನು ಎಲ್ಲಿ ಕಟ್ಟಬೇಕು, ಯಾರ ನೆರೆಯಲ್ಲಿ ಕಟ್ಟಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ಪ್ರಶ್ನೆ ಏಳುತ್ತಲೂ ಇರಲಿಲ್ಲ. ವಾಗದರಿಯಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ತಂದೆಯ ಓಣಿಯೇ ಮಗನ ಓಣಿ. ನೆರೆಹೊರೆ, ಗುಡಿ, ಬಾವಿ, ಭಾಷೆ ಇವೆಲ್ಲ ಹುಟ್ಟಿನೊಡನೆಯೇ ಬರುತ್ತಿದ್ದವು. ಊರು ಬಿಟ್ಟು ಪಟ್ಟಣ ಸೇರುವ ದಿನ ಬಂದಾಗ ಮಾತ್ರ ಇವೆಲ್ಲವನ್ನೂ ಆರಿಸಿಕೊಳ್ಳಬೇಕಾಯಿತು. ಅಕ್ಕಲಕೋಟ ಸೀಮೆಯ ನಮ್ಮ ಕನ್ನಡ ಕುಟುಂಬಗಳಿಗೆ ಆ ಪಟ್ಟಣ ಬಹುಮಟ್ಟಿಗೆ ಸೊಲ್ಲಾಪುರವೇ ಆಗಿತ್ತು. ಅವರು ಅಲ್ಲಿ ನೆಲೆ ಹುಡುಕಿದ ಬಗೆ ಯಾವುದು, ಆ ಆಯ್ಕೆಯಿಂದ ಬಂದ ಫಲವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸೊಲ್ಲಾಪುರವು ನಮಗೆ ಪರಸ್ಥಳವಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ, ಗುಡಿಯನ್ನು ಸ್ಥಾಪಿಸಿ ಬೆಳೆಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅವರು ಊರಿನ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಇಂದಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು ಈ ಲಿಂಗಗಳನ್ನು ಸುತ್ತಿ ಬರುತ್ತವೆ. ಆ ದಿನದ ವಿಧಿಗೆ ಎಣ್ಣೆಮಜ್ಜನವೆಂದು ಹೆಸರು. ಮರಾಠಿ ಪತ್ರಿಕೆಗಳು ಕೂಡ ಈ ಕನ್ನಡ ಶಬ್ದವನ್ನೇ ತಮ್ಮ ಉಚ್ಚಾರದಲ್ಲಿ ಅಚ್ಚು ಹಾಕುತ್ತವೆ. ಪಟ್ಟಣದ ಅತ್ಯಂತ ದೊಡ್ಡ ಹಬ್ಬದ ಮಾತು ಕನ್ನಡವಾಗಿರುವಾಗ, ಅದರ ಹಳೆಯ ಓಣಿಗಳ ಮಾತು ಯಾವುದಾಗಿತ್ತೆಂದು ಬೇರೆ ಸಾಕ್ಷಿ ಬೇಕಿಲ್ಲ.

ಬಹಮನಿ ಕಾಲದ ಕೋಟೆ ಮತ್ತು ಸಿದ್ಧೇಶ್ವರರ ಕೆರೆಯ ಬಳಿ ಹಳೆಯ ಊರಾದ ಕಸಬಾ ಬೆಳೆಯಿತು. ಮುಂದೆ ವ್ಯಾಪಾರ ಹೆಚ್ಚಿದಂತೆ ಮಂಗಳವಾರ ಪೇಠೆ, ಬುಧವಾರ ಪೇಠೆ, ಶುಕ್ರವಾರ ಪೇಠೆ ಎಂದು ವಾರದ ಹೆಸರಿನ ಪೇಠೆಗಳೂ, ಸಾಖರ ಪೇಠೆ, ಮುರಾರಜಿ ಪೇಠೆ, ಬೇಗಂ ಪೇಠೆ ಮೊದಲಾದವೂ ಎದ್ದವು. ಪೇಠೆಯೆಂದರೆ ಬರಿಯ ವಸತಿಯಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ದನದ ಕೊಟ್ಟಿಗೆ, ಓಣಿಯ ತುದಿಯಲ್ಲಿ ಮಠ ಅಥವಾ ಮಸೀದಿ. ಒಂದು ಕಸುಬಿನವರು, ಒಂದು ನಂಟಿನವರು ಒಂದೆಡೆ ನಿಂತರು. ಕಸಬಾ, ಬಾಳಿವೇಸ, ಮಂಗಳವಾರ ಪೇಠೆಗಳ ಸುತ್ತಮುತ್ತ ಕನ್ನಡ ಮಾತನಾಡುವ ಲಿಂಗಾಯತ ವ್ಯಾಪಾರಿಗಳು, ಅಡತಿಯವರು ದಟ್ಟವಾಗಿ ನೆಲೆಸಿದರು. ಬಾಳಿವೇಸದ ಮಲ್ಲಿಕಾರ್ಜುನ ಗುಡಿ ಅವರ ಭಕ್ತಿಯ ಕೇಂದ್ರವಾಯಿತು.

ಈ ಪೇಠೆಗಳ ಚಿತ್ರವನ್ನು ಬದಲಿಸಿದವು ಎರಡು ಸಂಗತಿಗಳು: ರೈಲು ಮತ್ತು ಗಿರಣಿ. 1860ರ ಹೊತ್ತಿಗೆ ಮುಂಬಯಿಯ ರೈಲು ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ಅದು ರಾಯಚೂರಿನವರೆಗೆ ಸಾಗಿ ಮದರಾಸಿನ ಮಾರ್ಗವನ್ನು ಕೂಡಿತು. 1877ರಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಕೆಲಸ ಆರಂಭಿಸಿತು. ಜನರ ಬಾಯಲ್ಲಿ ಅದು ‘ಜುನಿ ಗಿರಣಿ’. ಅದರ ಹಿಂದೆ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಗಿರಣಿಗಳು ಬಂದವು. 1876ರಿಂದ 78ರವರೆಗಿನ ಭೀಕರ ಬರಗಾಲ ನಮ್ಮ ಸೀಮೆಯ ರೈತನ ಬೆನ್ನು ಮುರಿದ ಕಾಲವೂ ಅದೇ. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ಪೂರ್ವದ ಸಾಖರ ಪೇಠೆ, ದಾಜಿ ಪೇಠೆ, ಭದ್ರಾವತಿ ಪೇಠೆಗಳ ಕಡೆ ತುಂಬಿದರು. ಅಕ್ಕಲಕೋಟ, ಇಂಡಿ, ಆಳಂದ ಸೀಮೆಗಳ ಕನ್ನಡಿಗರೂ ಗಿರಣಿಯ ಸಿಳ್ಳೆಗೆ ಓಗೊಟ್ಟು ಬಂದರು. ಹೀಗೆ ಮರಾಠಿ, ಕನ್ನಡ, ತೆಲುಗು, ಉರ್ದು ಎಂಬ ನಾಲ್ಕು ಭಾಷೆಗಳ ಪಟ್ಟಣವೊಂದು ಓಣಿ ಓಣಿಯಾಗಿ ರೂಪುಗೊಂಡಿತು.

ಹಳ್ಳಿಯಿಂದ ಹೊರಟ ನಮ್ಮವರು ಓಣಿಯನ್ನು ಆರಿಸಿದ್ದು ಹೇಗೆ? ಹಿರಿಯರ ಮಾತುಗಳನ್ನು ಕೂಡಿಸಿ ನೋಡಿದರೆ ನಾಲ್ಕು ಅಳತೆಗಳು ಕಾಣುತ್ತವೆ. ಮೊದಲನೆಯದು ನಂಟು. ಸೋದರಮಾವನೋ ಬೀಗರೋ ಇದ್ದ ಚಾಳಿನಲ್ಲಿ ಮೊದಲ ರಾತ್ರಿ ಕಳೆದು, ಅದೇ ಓಣಿಯಲ್ಲಿ ಬಾಡಿಗೆಗೆ ಖೋಲಿ ಹಿಡಿಯುವುದು. ಎರಡನೆಯದು ಅಡತಿ ಅಂಗಡಿ. ಜೋಳ, ತೊಗರಿ, ಶೇಂಗಾ ತಂದು ಮಾರುತ್ತಿದ್ದ ರೈತನಿಗೆ ಅಡತಿಯ ಸಾವುಕಾರನೇ ಪಟ್ಟಣದ ಪರಿಚಯ; ಅವನ ಮಾತಿನ ಮೇಲೆ ಮನೆ ಸಿಗುತ್ತಿತ್ತು, ಮಗನಿಗೆ ಲೆಕ್ಕ ಬರೆಯುವ ಕೆಲಸವೂ ಸಿಗುತ್ತಿತ್ತು. ಮೂರನೆಯದು ಗುಡಿ ಮಠಗಳು. ಅಯ್ಯನವರ ಪಾದಪೂಜೆ, ಶ್ರಾವಣದ ಪುರಾಣ, ಸೋಮವಾರದ ದರ್ಶನ ನಡಿಗೆಯ ದೂರದಲ್ಲಿರಬೇಕು. ನಾಲ್ಕನೆಯದು ದುಡಿಮೆಯ ದೂರ. ಗಿರಣಿಯ ಪಾಳಿಗೆ ಕಾಲ್ನಡಿಗೆಯಲ್ಲಿ ಮುಟ್ಟಬೇಕು. ಈ ನಾಲ್ಕೂ ಕೂಡಿಬಂದ ಓಣಿಯೇ ಒಳ್ಳೆಯ ಓಣಿ. ಭಾಷೆಯನ್ನು ಯಾರೂ ಬೇರೆಯಾಗಿ ಕೇಳುತ್ತಿರಲಿಲ್ಲ, ಏಕೆಂದರೆ ಈ ನಾಲ್ಕರೊಳಗೇ ಕನ್ನಡ ಅಡಗಿತ್ತು.

ಆದರೆ ಇತಿಹಾಸವನ್ನು ಬರೆಯುವವನು ಇನ್ನೊಂದು ಮುಖವನ್ನೂ ಹೇಳಬೇಕು. ‘ನಮ್ಮವರ ಓಣಿ’ ಎಂಬ ಮಾತಿನಲ್ಲಿ ಎಷ್ಟು ಆಪ್ತತೆಯಿದೆಯೋ ಅಷ್ಟೇ ಬಾಗಿಲು ಮುಚ್ಚುವ ಗುಣವೂ ಇದೆ. ಜಾತಿ ಕೇಳಿದ ಮೇಲೆ ಬಾಡಿಗೆಯ ಮಾತು ಎತ್ತುವ ಪದ್ಧತಿ ಪೇಠೆಗಳಲ್ಲಿ ಬಹುಕಾಲ ನಡೆಯಿತು. ಅದಕ್ಕಿಂತ ಕಠೋರವಾದದ್ದು ಸೊಲ್ಲಾಪುರದ ಸೆಟ್ಲಮೆಂಟ. ಬ್ರಿಟಿಷ್ ಸರಕಾರ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಜನಾಂಗಗಳನ್ನು ತಂತಿಬೇಲಿಯೊಳಗೆ ಇರಿಸಿ, ಹಾಜರಿ ಕೂಗಿ, ಗಿರಣಿಗೆ ಕಳಿಸುತ್ತಿತ್ತು. 1952ರಲ್ಲಿ ಆ ಕಾಯಿದೆ ರದ್ದಾಗುವವರೆಗೆ ಅವರಿಗೆ ನೆಲೆಯ ಆಯ್ಕೆ ಎಂಬುದೇ ಇರಲಿಲ್ಲ. ಒಂದೇ ಪಟ್ಟಣದಲ್ಲಿ ಒಬ್ಬನು ಬೇಕಾದ ಓಣಿಯನ್ನು ಹುಡುಕುತ್ತಿದ್ದಾಗ ಇನ್ನೊಬ್ಬನು ಬೇಲಿ ದಾಟಲು ಚೀಟಿ ಕೇಳಬೇಕಾಗಿತ್ತು. ಕುಲಭೇದವನ್ನು ಅಲ್ಲಗಳೆದ ಶರಣರ ಊರಿನಲ್ಲಿ ಇದು ನಡೆಯಿತೆಂಬುದನ್ನು ನಾವು ಮರೆಯಲಾಗದು.

ಕನ್ನಡದ ಮಟ್ಟಿಗೆ ಸೊಲ್ಲಾಪುರದ ಉಚ್ಛ್ರಾಯ ಕಾಲ ಸ್ವಾತಂತ್ರ್ಯದ ಆಸುಪಾಸಿನದು. 1944ರಿಂದ 1956ರವರೆಗೆ ವರಕವಿ ಬೇಂದ್ರೆಯವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿಯೇ ಜರುಗಿತು. 1953ರಲ್ಲಿ ಸಂಗಮೇಶ್ವರ ಕಾಲೇಜು ಆರಂಭವಾಯಿತು. ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಕಲಿತೂ ಕನ್ನಡದಲ್ಲಿ ಸಿದ್ಧರಾಮರ ಪುರಾಣವನ್ನು ರಚಿಸಿದರು. 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಪೀಠವನ್ನೇರಿದ ಮೊದಲ ಮಹಿಳೆಯಾದರು. ಶಾಲೆಯ ಭಾಷೆ ಬೇರೆಯಾದರೂ ಮನೆಯ, ಓಣಿಯ ಭಾಷೆ ಗಟ್ಟಿಯಾಗಿದ್ದರೆ ಒಬ್ಬ ವ್ಯಕ್ತಿ ಎಷ್ಟು ಎತ್ತರಕ್ಕೆ ಬೆಳೆಯಬಹುದೆಂಬುದಕ್ಕೆ ಅವರ ಬಾಳು ಉದಾಹರಣೆ.

ಮುಂದೆ ರಾಜ್ಯಗಳ ಪುನಾರಚನೆ ಬಂದಿತು. ಭೋಸಲೆ ಅರಸರ ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು. 1956ರಲ್ಲಿ ವಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿದರೆ ಸೊಲ್ಲಾಪುರವು ಮುಂಬಯಿಯೊಡನೆ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಗಡಿಯ ವಾದವನ್ನು ಇಲ್ಲಿ ಮತ್ತೆ ತೆಗೆಯುವ ಇಚ್ಛೆ ನನಗಿಲ್ಲ. ಹೇಳಬೇಕಾದದ್ದು ಇಷ್ಟೇ: ಅಂದಿನಿಂದ ನೌಕರಿಯ ಭಾಷೆ ಒಂದಾಯಿತು, ಮನೆಯ ಭಾಷೆ ಇನ್ನೊಂದಾಗಿ ಉಳಿಯಿತು. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಅದರ ನೆರಳಿನಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಹಳ್ಳಿಯಲ್ಲಿ ಕನ್ನಡ ಶಾಲೆ ಕಾಲ್ನಡಿಗೆಯ ದೂರದಲ್ಲಿದೆ. ಪಟ್ಟಣದಲ್ಲಿ ಅದನ್ನು ಹುಡುಕಬೇಕು.

ಇದೇ ಹೊತ್ತಿಗೆ ಪಟ್ಟಣವೂ ಮಗ್ಗುಲು ಬದಲಿಸಿತು. 1964ರಲ್ಲಿ ನಗರಸಭೆ ಮಹಾನಗರಪಾಲಿಕೆಯಾಯಿತು. ಅರವತ್ತರ ದಶಕದಲ್ಲಿ ಜುನಿ ಗಿರಣಿ ಮುಚ್ಚಿತು. ತೊಂಬತ್ತರ ದಶಕದಲ್ಲಿ ಲಕ್ಷ್ಮೀ-ವಿಷ್ಣು ಗಿರಣಿಗಳೂ ನಿಂತವು. ಗಿರಣಿಯ ಸಿಳ್ಳೆಯೊಂದಿಗೆ ಚಾಳಿನ ಬದುಕೂ ಮುಗಿಯಿತು. ಸಂಬಳದ ನೌಕರಿ ಹಿಡಿದ ಹೊಸ ತಲೆಮಾರು ಹೋಟಗಿ ರಸ್ತೆ, ವಿಜಾಪುರ ರಸ್ತೆ, ಜುಳೆ ಸೊಲ್ಲಾಪುರಗಳ ಕಡೆ ಸಹಕಾರಿ ಗೃಹ ಸಂಘಗಳ ಮೂಲಕ ಜಾಗ ಕೊಂಡಿತು. ಆಗ ಅಳತೆಗಳು ಬದಲಾದವು. ಜಾಗದ ದರವೆಷ್ಟು? ಎನ್.ಎ. ಆಗಿದೆಯೆ? ಬ್ಯಾಂಕು ಸಾಲ ಕೊಡುತ್ತದೆಯೆ? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಉಜನಿ ಜಲಾಶಯದಿಂದ ಕೊಳವೆಯಲ್ಲಿ ಬರುವ ನೀರು ನಾಲ್ಕೈದು ದಿನಕ್ಕೊಮ್ಮೆ ನಲ್ಲಿಗೆ ಇಳಿಯುವ ಪಟ್ಟಣದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಬಾವಿಯಿರುವ ಜಾಗಕ್ಕೆ, ಬೋರು ಹಾಕಿದರೆ ನೀರು ಬೀಳುವ ಜಾಗಕ್ಕೆ ಹೆಚ್ಚು ಬೆಲೆ ಬಂದದ್ದು ಸಹಜ. ಗಾಳಿ, ಬೆಳಕು, ಅಗಲವಾದ ರಸ್ತೆ, ಬಚ್ಚಲು-ಶೌಚಾಲಯ ಇರುವ ಸ್ವಂತ ಮನೆ ದೊರೆತವು. ಚಾಳಿನಲ್ಲಿ ಸಾಲು ನಿಂತು ನೀರು ಹಿಡಿದ ನಮ್ಮ ತಾಯಂದಿರಿಗೆ ಅದು ಸಣ್ಣ ಸುಖವೇನೂ ಅಲ್ಲ.

ಹಳೆಯ ಓಣಿಯೊಳಗೆ ಅಡಗಿದ್ದ ಕನ್ನಡ ಮಾತ್ರ ಈ ಬಡಾವಣೆಗಳಿಗೆ ತಾನಾಗಿ ಬರಲಿಲ್ಲ. ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ಇದು ದಾಖಲೆ ಪುಸ್ತಕದಲ್ಲಿಯೇ ಕಾಣುತ್ತದೆ. ಶಾಲೆ ಬಿಟ್ಟ ದಾಖಲೆಯಲ್ಲಿ ‘ಕಾರಣ’ ಎಂಬ ಕಾಲಮಿನಲ್ಲಿ ನಾನು ಅನೇಕ ಸಲ ‘ಪಾಲಕರ ಸ್ಥಳಾಂತರ’ ಎಂದು ಬರೆದಿದ್ದೇನೆ. ಕನ್ನಡ ಮೂರನೆಯ ಇಯತ್ತೆಯಲ್ಲಿ ಸರಾಗವಾಗಿ ಓದುತ್ತಿದ್ದ ಮಗು ಪಟ್ಟಣದಲ್ಲಿ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಸೇರುತ್ತದೆ. ಅದರ ತಂಗಿಗೆ ಕನ್ನಡ ಅಕ್ಷರವೇ ಪರಿಚಯವಾಗುವುದಿಲ್ಲ. ಮನೆಯಲ್ಲಿ ಇಬ್ಬರೂ ಕನ್ನಡ ಮಾತನಾಡುತ್ತಾರೆ. ಆದರೆ ಊರಿನಿಂದ ಬಂದ ಲಗ್ನಪತ್ರಿಕೆಯನ್ನು ಅಣ್ಣ ಓದಬೇಕು, ತಂಗಿ ಕೇಳಬೇಕು. ಇದರಲ್ಲಿ ಪಾಲಕರ ದೋಷ ಹುಡುಕುವುದು ನ್ಯಾಯವಲ್ಲ. ಶಾಲೆ ಹತ್ತಿರವಿಲ್ಲದ ಕಡೆ ಏಳು ವರ್ಷದ ಮಗುವನ್ನು ಎರಡು ಬಸ್ಸು ಬದಲಿಸಿ ಕಳಿಸುವ ಧೈರ್ಯ ಯಾರಿಗೂ ಬಾರದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ನಿಯಮಗಳು ಕೂಡ ಒಂದರಿಂದ ಐದನೆಯ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. ಮನೆಯ ಜಾಗ ಗೊತ್ತಾದ ದಿನವೇ ಮಗುವಿನ ಅಕ್ಷರವೂ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಒಬ್ಬೊಬ್ಬರೇ ಜಾಗ ಹುಡುಕದೆ ಹಲವರು ಕೂಡಿ ನೆಲೆ ಮಾಡಿಕೊಂಡ ಉದಾಹರಣೆಯೂ ನಮ್ಮ ದಾರಿಯಲ್ಲಿಯೇ ಇದೆ. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರು ಸಂಘಟಿತರಾಗಿ ಗೋದುತಾಯಿ ಪರುಳೇಕರ ಅವರ ಹೆಸರಿನ ವಸಾಹತಿನಲ್ಲಿ 10,000 ಮನೆಗಳನ್ನು ಪಡೆದರು; 2006ರಲ್ಲಿ ಅವು ಹಸ್ತಾಂತರಗೊಂಡವು. ಸಮೀಪದ ರೇ ನಗರದಲ್ಲಿ 2024ರ ಜನವರಿಯಲ್ಲಿ ಇನ್ನೂ 15,000 ಮನೆಗಳ ಹಸ್ತಾಂತರವಾಯಿತು. ಅವರಲ್ಲಿ ಹೆಚ್ಚಿನವರು ತೆಲುಗು ಮನೆಮಾತಿನವರು. ತಮ್ಮ ದುಡಿಮೆ, ತಮ್ಮ ನೆರೆ, ತಮ್ಮ ಮಾತು ಮೂರನ್ನೂ ಒಟ್ಟಿಗೆ ಹೊಸ ಜಾಗಕ್ಕೆ ಸಾಗಿಸಿದ ಅವರ ರೀತಿಯಿಂದ ನಾವು ಕಲಿಯಬೇಕಾದದ್ದಿದೆ.

ಮುಂಬಯಿಯ ಕನ್ನಡಿಗರು ಇನ್ನೊಂದು ದಾರಿ ಹಿಡಿದರು. ಆ ಮಹಾನಗರದಲ್ಲಿ ಇಡೀ ಓಣಿಯೇ ಕನ್ನಡವಾಗುವುದು ಕಷ್ಟ. ಅಲ್ಲಿ ಹೋಟೆಲಿನಲ್ಲಿ ದುಡಿದ ತರುಣರು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಮಾಟುಂಗಾದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. ಮಾಹಿಮದಲ್ಲಿ ಕರ್ನಾಟಕ ಸಂಘ ಬೆಳೆಯಿತು. ಪುಣೆಯ ಕನ್ನಡ ಸಂಘ ಶಾಲಾ ಕಾಲೇಜುಗಳನ್ನೇ ಕಟ್ಟಿತು. ಇಂದು ನಮ್ಮ ಮಕ್ಕಳು ನೌಕರಿಗಾಗಿ ಸೊಲ್ಲಾಪುರವನ್ನೂ ದಾಟಿ ಪುಣೆಯ ಹಡಪಸರಕ್ಕೋ ಪಿಂಪರಿ-ಚಿಂಚವಡಕ್ಕೋ ಹೋಗುತ್ತಿದ್ದಾರೆ. ಅವರಿಗೆ ಈ ಎರಡನೆಯ ದಾರಿಯೇ ಉಪಯುಕ್ತವಾದೀತು.

ಇಷ್ಟು ಇತಿಹಾಸವನ್ನು ಕಂಡ ಮೇಲೆ ಜಾಗ ನೋಡಲು ಹೊರಟ ತರುಣ ದಂಪತಿಗಳಿಗೆ ಕೆಲವು ಮಾತು ಹೇಳಬಹುದು. ನೀರು, ರಸ್ತೆ, ಸಾಲದ ಕಂತು ಇವನ್ನು ಅವಶ್ಯವಾಗಿ ನೋಡಿರಿ. ಅದರೊಡನೆ ಇನ್ನೂ ನಾಲ್ಕು ಪ್ರಶ್ನೆ ಕೇಳಿರಿ. ಕನ್ನಡ ಶಾಲೆ ಎಷ್ಟು ದೂರ? ಇಲ್ಲದಿದ್ದರೆ ರವಿವಾರ ಒಂದು ತಾಸು ಅಕ್ಷರ ಕಲಿಸುವವರು ಯಾರಿದ್ದಾರೆ? ಊರಿನಿಂದ ಬರುವ ತಂದೆತಾಯಿಗಳು ಬಸ್ಸಿಳಿದು ಒಬ್ಬರೇ ಮನೆ ಮುಟ್ಟಬಲ್ಲರೆ, ಕಟ್ಟೆಯ ಮೇಲೆ ಕುಳಿತು ಮಾತನಾಡಲು ಅವರಿಗೆ ಜೊತೆಯಿದೆಯೆ? ಕಷ್ಟಕ್ಕೆ ಮಧ್ಯರಾತ್ರಿ ಬಾಗಿಲು ಬಡಿದರೆ ತೆರೆಯುವ ನೆರೆ ಇದೆಯೆ? ಆ ನೆರೆಯವನು ಯಾವ ಜಾತಿಯವನು, ಯಾವ ಭಾಷೆಯವನು ಎಂಬ ಪ್ರಶ್ನೆಯನ್ನು ಮಾತ್ರ ಕೇಳಬೇಡಿರಿ. ಒಂದೇ ಬಡಾವಣೆಯಲ್ಲಿ ನಾಲ್ಕೈದು ಕನ್ನಡ ಮನೆಗಳಿದ್ದರೂ ಸಾಕು, ವಾರಕ್ಕೊಮ್ಮೆ ಮಕ್ಕಳನ್ನು ಒಂದೆಡೆ ಕೂಡಿಸಿ ಓದಿಸಬಹುದು.

ನಮ್ಮ ಸಂಘಕ್ಕೂ ಇಲ್ಲೊಂದು ಕೆಲಸವಿದೆ. ಸೊಲ್ಲಾಪುರ, ಪುಣೆಗಳಲ್ಲಿ ನೆಲೆಸಿರುವ ನಮ್ಮೂರವರು ಯಾವ ಯಾವ ಬಡಾವಣೆಯಲ್ಲಿದ್ದಾರೆ, ಅಲ್ಲಿ ಕನ್ನಡ ಕಲಿಯುವ ಅನುಕೂಲವೇನಿದೆ ಎಂಬ ಯಾದಿಯೊಂದನ್ನು ಸಿದ್ಧಪಡಿಸಿ, ಊರು ಬಿಡುವ ಪ್ರತಿಯೊಂದು ಕುಟುಂಬದ ಕೈಗೆ ಕೊಡಬೇಕು. ಹಿಂದೆ ಅಡತಿಯ ಸಾವುಕಾರನು ಮಾಡುತ್ತಿದ್ದ ಕೆಲಸವನ್ನು ಇಂದು ಸಂಘ ಮಾಡಲಿ. ಪರಮೇಶ್ವರನ ಜಾತ್ರೆಗೆ ಊರಿಗೆ ಬರುವ ಮೊಮ್ಮಕ್ಕಳು ಗುಡಿಯ ಮುಂದಿನ ಕನ್ನಡ ಫಲಕವನ್ನು ತಾವೇ ಓದುವಂತಾದರೆ ಆ ಶ್ರಮ ಸಾರ್ಥಕ.