ಬಡಿಸುವವರ ಇಚ್ಛೆಯ ಊಟ

ಉಣ್ಣುವವನು ಇಂಥದೇ ಬೇಕೆಂದು ಕೇಳದೆ, ಅಡಿಗೆಯವನು ಕೊಟ್ಟದ್ದನ್ನು ವಿಶ್ವಾಸದಿಂದ ಉಣ್ಣುವದಕ್ಕೆ ಜಪಾನೀಯರು 'ಒಮಾಕಾಸೆ' ಎನ್ನುವರು. 'ನಿಮಗೇ ಬಿಟ್ಟಿದ್ದೇನೆ' ಎಂಬದು ಅದರ ಭಾವವು. ಕೆಲವೇ ಜನರು ಕೂಡ್ರತಕ್ಕ ಕಟ್ಟೆಯ ಆಚೆಗೆ ನಿಂತು, ಹುಳಿರಸ ಬೆರೆಸಿದ ಅನ್ನದ ಮೇಲೆ ಮೀನಿನ ತುಣುಕನ್ನಿಟ್ಟು, ಒಂದೊಂದೇ 'ಸುಶಿ'ಯನ್ನು ಆತನು ಕೈಯಿಂದ ಒತ್ತಿ ಕೊಡುವನು. ಈ ಬಗೆಯ ಸುಶಿಯು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಎಡೋ ಪಟ್ಟಣದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಬಳಕೆಗೆ ಬಂದಿತು. ಆ ತಿನಿಸು ನಮ್ಮಲ್ಲಿ ಅನೇಕರಿಗೆ ಹೊಸದು; ಆ ವಿಶ್ವಾಸವು ಮಾತ್ರ ಹೊಸದಲ್ಲ.

ಅರಸರ ಊಟದಲ್ಲಿ ಇಂಥ ವಿಶ್ವಾಸಕ್ಕೆ ಎಡೆಯು ಕಡಿಮೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಇಡ್ಡರಿಕೆಯಿಂದ ಮೀನಿನವರೆಗೆ ನಾನಾ ಪಾಕಗಳ ವರ್ಣನೆಯುಂಟು. ಆದರೆ ಅಲ್ಲಿ ರಾಜನ ರುಚಿಯೇ ಪ್ರಮಾಣವು. ಕೌಟಿಲ್ಯನಂತೂ ಅನ್ನವನ್ನು ಮೊದಲು ಅಗ್ನಿಗೂ ಪಕ್ಷಿಗಳಿಗೂ ಹಾಕಿ, ಆಮೇಲೆ ಅರಸನು ಉಣ್ಣತಕ್ಕದ್ದೆಂದು ವಿಧಿಸಿದನು.

ಅಡಿಗೆಯವರಿಗೆ ತನ್ನನ್ನು ಒಪ್ಪಿಸಿಕೊಂಡವನು ಬಡ ವಿದ್ಯಾರ್ಥಿಯೇ. ಧಾರವಾಡದಂಥ ವಿದ್ಯಾಕೇಂದ್ರಗಳಿಗೆ ಹಳ್ಳಿಗಳಿಂದ ಬಂದ ಹುಡುಗರಲ್ಲಿ ಎಷ್ಟೋ ಜನರು ವಾರಾನ್ನದ ಮೇಲೆ ಓದಿದರು: ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆ, ಆ ತಾಯಿ ಬಡಿಸಿದ್ದೇ ಊಟ. ಹಣ ಕೊಡಬಲ್ಲವರಿಗೆ ಖಾನಾವಳಿಯಿತ್ತು. ಹೆಸರು ಮರಾಠಿಯಿಂದ ಬಂದದ್ದು, ಊಟ ನಮ್ಮದೇ. 1947ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಕಾಲೇಜು, 1957ರ ವೈದ್ಯಕೀಯ ಕಾಲೇಜುಗಳಿರುವ ಹುಬ್ಬಳ್ಳಿಯ ವಿದ್ಯಾನಗರದ ವಿದ್ಯಾರ್ಥಿಗಳಿಗೆ ಈ ಊಟವು ಚಿರಪರಿಚಿತ. ಒಳಗೆ ಹೆಣ್ಣುಮಗಳು ರೊಟ್ಟಿ ಬಡಿಯುವಳು. ಅದು ಹಂಚಿನಿಂದ ನೇರವಾಗಿ ತಾಟಿಗೆ ಬರುವದು. ಅಂದಿನ ಪಲ್ಯ ಯಾವದು, ಕಾಳು ಯಾವದು ಎಂಬದು ಅವಳ ನಿರ್ಣಯವು. ಎಡೋದ ಮೀನಿಗೆ ಆ ದಿನದ ಕಡಲು ಹೇಗೋ, ನಮ್ಮ ಪಲ್ಯಕ್ಕೆ ಆ ದಿನದ ಸಂತೆಯು ಹಾಗೆ.

ಆದರೆ ಇತಿಹಾಸವನ್ನು ಬರೆಯುವವರು ಅರ್ಧವನ್ನಷ್ಟೇ ಹೇಳಲಾಗದು. ವಾರಾನ್ನವು ಬಹುಮಟ್ಟಿಗೆ ಸ್ವಜಾತಿಯ ಮನೆಗಳಲ್ಲಿಯೇ ದೊರೆಯುತ್ತಿತ್ತು. ಖಾನಾವಳಿಗಳ ಹಲಗೆಗಳ ಮೇಲೆಯೂ ಜಾತಿಯ ಹೆಸರುಗಳಿದ್ದವು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಹಸಿವೆಯೂ ವಿದ್ಯೆಯ ಆಶೆಯೂ ಸಮಾನವಾಗಿದ್ದರೂ ಆ ಪಂಕ್ತಿಯಲ್ಲಿ ಮಣೆಯಿರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 15ನೆಯ ವಿಧಿಯಲ್ಲಿ ಸಾರ್ವಜನಿಕ ಭೋಜನಗೃಹಗಳ ಪ್ರವೇಶಕ್ಕೆ ಜಾತಿಯು ಅಡ್ಡಿಯಾಗಬಾರದೆಂದು ಸಾರಿತು; 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು.

ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು. ವಿಶ್ವಾಸವನ್ನು ಉಣ್ಣುವವರೇ ತರಬೇಕು. ಕುಲವನ್ನು ವಿಚಾರಿಸಿ ಕೈಯೊಡ್ಡಿದವನು ನಂಬಿದ್ದು ಕುಲವನ್ನು, ಅಡಿಗೆಯನ್ನಲ್ಲ. ಬಡಿಸುವವಳ ಕೈಗುಣವೊಂದನ್ನೇ ನೋಡಿ 'ನೀವು ಹಾಕಿದ್ದೇ ಸರಿ, ತಾಯಿ' ಎನ್ನುವವನು ನಮ್ಮ ಹಳೆಯ ಪದ್ಧತಿಯಲ್ಲಿ ಉಳಿಸಿಕೊಳ್ಳತಕ್ಕದ್ದನ್ನು ಉಳಿಸಿಕೊಂಡವನು.