ರೋಗಶಯ್ಯೆಯ ಪಕ್ಕದ ಸಂತ

ವಿವಾಹ ಸಂಸ್ಕಾರದ ವೇಳೆ ವಧೂವರರು ಪೀಠದ ಮುಂದೆ ನಿಂತು ಒಬ್ಬರಿಗೊಬ್ಬರು ನೀಡುವ ವಾಗ್ದಾನದಲ್ಲಿ ಆರೋಗ್ಯದ ಜೊತೆಗೆ ಅನಾರೋಗ್ಯದ ಮಾತೂ ಬರುತ್ತದೆ. ಮದುವೆಯ ಸಡಗರದಲ್ಲಿ ಆ ಮಾತಿನ ತೂಕ ಅಷ್ಟಾಗಿ ಅರಿವಿಗೆ ಬರುವುದಿಲ್ಲ. ಹತ್ತೋ ಇಪ್ಪತ್ತೋ ವರ್ಷಗಳ ನಂತರ, ವೈದ್ಯರು ಪರೀಕ್ಷೆಯ ವರದಿಯನ್ನು ಓದಿ ಒಂದು ಕ್ಷಣ ಮೌನವಾದಾಗ, ಅದು ಅರಿವಿಗೆ ಬರುತ್ತದೆ. ಕ್ಯಾನ್ಸರ್ ರೋಗವು ಒಂದು ದೇಹಕ್ಕೆ ಬಂದರೂ ಒಂದು ದಾಂಪತ್ಯವನ್ನೇ ಹಿಡಿಯುತ್ತದೆ.

ವೈದ್ಯಶಾಸ್ತ್ರದ ಚರಿತ್ರೆಯು ರೋಗವನ್ನು ಕಂಡುಹಿಡಿದವರನ್ನೂ ಔಷಧವನ್ನು ಶೋಧಿಸಿದವರನ್ನೂ ಗೌರವದಿಂದ ನೆನೆಯುತ್ತದೆ. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಎಚ್ಚರವಾಗಿದ್ದ ಗಂಡನನ್ನಾಗಲೀ ಹೆಂಡತಿಯನ್ನಾಗಲೀ ಅದು ದಾಖಲಿಸುವುದು ತೀರ ಅಪರೂಪ. ಇದಕ್ಕೆ ಅಪವಾದವೆಂಬಂತೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಒಂದು ಮನೆಯ ಒಳಗುದಿಯು ನಮಗೆ ಸಾಕಷ್ಟು ವಿವರವಾಗಿ ತಿಳಿದಿದೆ. ಅದು ಬಾಲಯೇಸುವಿನ ಸಂತ ತೆರೇಸಾ ಹುಟ್ಟಿದ ಮನೆ. ಆಕೆಯ ತಾಯಿ ಜೆಲಿ ಮಾರ್ಟಿನ್ ಬಂಧುಗಳಿಗೂ ಮಕ್ಕಳಿಗೂ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಸಂತರ ಚರಿತ್ರೆಯಾಗಿ ಅವುಗಳನ್ನು ಓದಿದವರು ಅನೇಕರು. ಕ್ಯಾನ್ಸರ್ ಪೀಡಿತ ಪತ್ನಿಯ ಪಕ್ಕದಲ್ಲಿದ್ದ ಒಬ್ಬ ಪತಿಯ ಚರಿತ್ರೆಯಾಗಿಯೂ ಅವುಗಳನ್ನು ಓದಬಹುದು.

ಲೂಯಿ ಮಾರ್ಟಿನ್ ಗಡಿಯಾರ ದುರಸ್ತಿಯ ಕಸುಬಿನವರು. ಜೆಲಿ, ಅಲೆನ್ಸೋನ್ ಪಟ್ಟಣಕ್ಕೆ ಖ್ಯಾತಿ ತಂದಿದ್ದ ಸೂಕ್ಷ್ಮ ಕಸೂತಿಯ ಲೇಸನ್ನು ತಯಾರಿಸುವ ಸ್ವಂತ ಉದ್ಯಮವನ್ನು ಕಟ್ಟಿದವರು. 1858ರ ಜುಲೈ 13ರಂದು, ಮಧ್ಯರಾತ್ರಿಯ ವೇಳೆಗೆ, ಅಲೆನ್ಸೋನಿನ ದೇವಾಲಯದಲ್ಲಿ ಅವರ ವಿವಾಹ ನಡೆಯಿತು. ಒಂಬತ್ತು ಮಕ್ಕಳು ಹುಟ್ಟಿದರು. 1867ರಿಂದ 1870ರವರೆಗಿನ ನಾಲ್ಕು ವರ್ಷಗಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟರು. ಉಳಿದವರು ಐವರು ಹೆಣ್ಣುಮಕ್ಕಳು. ಹೆಂಡತಿಯ ಉದ್ಯಮ ಬೆಳೆದಾಗ ಲೂಯಿ 1870ರಲ್ಲಿ ತಮ್ಮ ಗಡಿಯಾರದಂಗಡಿಯನ್ನು ಸೋದರಳಿಯನಿಗೆ ಮಾರಿ, ಆಕೆಯ ಲೆಕ್ಕಪತ್ರಕ್ಕೂ ಓಡಾಟಕ್ಕೂ ಹೆಗಲು ಕೊಟ್ಟರು. ಪತ್ನಿಯ ದುಡಿಮೆಗೆ ನೆರವಾಗಲು ಪತಿಯೇ ತನ್ನ ಕಸುಬನ್ನು ಬಿಟ್ಟದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಮುಂದೆ ರೋಗ ಬಂದಾಗ ಆತ ಪಕ್ಕದಲ್ಲಿ ನಿಂತದ್ದು ಅಂದು ಹೊಸದಾಗಿ ಕಲಿತ ಪಾಠವಾಗಿರಲಿಲ್ಲ.

ರೋಗದ ಮೊದಲ ಸುಳಿವು ಬಹಳ ಹಿಂದೆಯೇ ದೊರೆತಿತ್ತು. ಎದೆಯಲ್ಲಿ ಗಂಟೊಂದು ಇದೆಯೆಂದು ಜೆಲಿ 1865ರಲ್ಲಿಯೇ ತಮ್ಮನಾದ ಇಸಿದೋರನಿಗೆ ಬರೆದಿದ್ದರು. ಮುಂದೆ ಲಿಸ್ಯೂ ಪಟ್ಟಣದಲ್ಲಿ ಔಷಧದಂಗಡಿ ನಡೆಸಿದವರು ಈ ಇಸಿದೋರ್. ಆದರೆ ಆ ಗಂಟಿಗೆ ಚಿಕಿತ್ಸೆಯಾಗಲಿಲ್ಲ. ಹೆರಿಗೆಗಳು, ಮಕ್ಕಳ ಸಾವು, ಲೇಸಿನ ಬೇಡಿಕೆಗಳು ಒಂದರ ಹಿಂದೊಂದು ಬಂದವು. 1873ರಲ್ಲಿ ತೆರೇಸಾ ಹುಟ್ಟಿದಾಗ ತಾಯಿ ಹಾಲೂಡಿಸಲಾಗದೆ, ಕೂಸನ್ನು ಒಂದು ವರ್ಷ ಹಳ್ಳಿಯ ದಾದಿಯೊಬ್ಬಳ ಬಳಿ ಬಿಡಬೇಕಾಯಿತು. 1876ರ ಕೊನೆಯ ತಿಂಗಳುಗಳಲ್ಲಿ ನೋವು ಹೆಚ್ಚಿದಾಗಲೇ ಜೆಲಿ ಪಟ್ಟಣದ ವೈದ್ಯರನ್ನು ಕಂಡದ್ದು. ವೈದ್ಯರು ಒಂದು ಔಷಧವನ್ನು ಬರೆದುಕೊಟ್ಟರು. ಇದರಿಂದ ಏನು ಪ್ರಯೋಜನವೆಂದು ಆಕೆ ನೇರವಾಗಿ ಕೇಳಿದಾಗ, ಏನೂ ಇಲ್ಲ, ರೋಗಿಯ ಸಮಾಧಾನಕ್ಕಾಗಿ ಬರೆದದ್ದು ಎಂದು ಅವರು ಒಪ್ಪಿಕೊಂಡರು. ಆ ಪ್ರಾಮಾಣಿಕತೆಗಾಗಿ ಆಕೆ ಮುನಿಸಿಕೊಳ್ಳಲಿಲ್ಲ.

ಆ ಕಾಲದ ವೈದ್ಯಕೀಯದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಅರಿವಳಿಕೆ ನೀಡಿ ಶಸ್ತ್ರಚಿಕಿತ್ಸೆ ಮಾಡುವ ವಿಧಾನ 1846ರಿಂದ ಪ್ರಚಾರಕ್ಕೆ ಬಂದಿತ್ತು. ಗಾಯ ಕೀವಾಗದಂತೆ ತಡೆಯುವ ವಿಧಾನವನ್ನು ಲಿಸ್ಟರ್ 1867ರಲ್ಲಿ ಪ್ರಕಟಿಸಿದ್ದರು. ಕ್ಷಕಿರಣ ಕಂಡದ್ದು 1895ರಲ್ಲಿ, ರೇಡಿಯಂ ದೊರೆತದ್ದು 1898ರಲ್ಲಿ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಗಳು ಬಂದದ್ದು 1940ರ ದಶಕದಲ್ಲಿ. ಹೀಗಾಗಿ 1876ರಲ್ಲಿ ಸ್ತನ ಕ್ಯಾನ್ಸರಿಗೆ ಇದ್ದ ಒಂದೇ ದಾರಿ ಶಸ್ತ್ರಚಿಕಿತ್ಸೆ. ಕ್ರಿಸ್ಮಸ್ ಸಮಯದಲ್ಲಿ ಜೆಲಿ ಲಿಸ್ಯೂಗೆ ಹೋಗಿ ಅಲ್ಲಿನ ಹೆಸರಾಂತ ಶಸ್ತ್ರವೈದ್ಯರಿಗೆ ತೋರಿಸಿದರು. ಕಾಲ ಮಿಂಚಿದೆ ಎಂಬುದೇ ಅವರ ಉತ್ತರವಾಗಿತ್ತು.

ಮೊದಲ ವೈದ್ಯರ ಬಳಿಯಿಂದ ಮನೆಗೆ ಬಂದ ದಿನ ಜೆಲಿ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಮನೆಯೆಲ್ಲ ಗೋಳಾಡಿತು, ಹೇಳಬಾರದಿತ್ತೇನೋ ಎಂದು ಆಕೆಗೇ ಅನ್ನಿಸಿತು. ಲೂಯಿಯ ಸ್ಥಿತಿ ಎಲ್ಲರಿಗಿಂತ ಕಷ್ಟದ್ದಾಗಿತ್ತು. ಮೀನು ಹಿಡಿಯುವುದೆಂದರೆ ಆತನಿಗೆ ಪಂಚಪ್ರಾಣ. ಗಾಳದ ಕೋಲುಗಳನ್ನು ಅಟ್ಟಕ್ಕೆ ಹಾಕಿದರು. ಗೆಳೆಯರ ಕೂಟಕ್ಕೆ ಹೋಗುವುದನ್ನು ನಿಲ್ಲಿಸಿದರು. ಪತಿಗೆ ಯಾವ ಸಮಾಧಾನವೂ ಹಿಡಿಸುತ್ತಿಲ್ಲ, ಅವರು ಕುಸಿದುಹೋಗಿದ್ದಾರೆ ಎಂಬರ್ಥದಲ್ಲಿ ಜೆಲಿ ಆ ಡಿಸೆಂಬರಿನಲ್ಲಿ ನಾದಿನಿಗೆ ಬರೆದರು.

ಈ ಸಂಗತಿಯನ್ನು ಮುಚ್ಚಿಡುವ ಅಗತ್ಯವಿಲ್ಲ. ಸಂತರೆಂದರೆ ಕಲ್ಲಿನಂತೆ ಅಚಲರು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಲೂಯಿ ಹಾಗಿರಲಿಲ್ಲ. ಸಾಯಲಿದ್ದ ಹೆಂಡತಿಯೇ ಬದುಕಲಿದ್ದ ಗಂಡನಿಗೆ ಧೈರ್ಯ ಹೇಳಬೇಕಾದ ದಿನಗಳಿದ್ದವು. ಆರೈಕೆ ಮಾಡುವವರಿಗೂ ಆಸರೆ ಬೇಕೆಂಬ ಸತ್ಯ ಆ ಮನೆಯಲ್ಲಿ ಬಯಲಾಗಿತ್ತು. ಆದರೆ ಕುಸಿದ ಲೂಯಿ ಮನೆ ಬಿಟ್ಟು ಹೊರಗೆ ನೆಮ್ಮದಿ ಹುಡುಕಲಿಲ್ಲ. ಮೀನಿನ ಗಾಳವನ್ನು ಬಿಟ್ಟರೇ ಹೊರತು ಹೆಂಡತಿಯ ಪಕ್ಕವನ್ನು ಬಿಡಲಿಲ್ಲ.

1877ರ ಫೆಬ್ರುವರಿಯಲ್ಲಿ ಜೆಲಿಯ ಅಕ್ಕ, ಲ ಮಾನ್ ನಗರದ ಕಾನ್ವೆಂಟಿನಲ್ಲಿ ಕನ್ಯಾಸ್ತ್ರೀಯಾಗಿದ್ದವರು, ತೀರಿಕೊಂಡರು. ಜೂನ್ ತಿಂಗಳಲ್ಲಿ ಜೆಲಿ ಮೂವರು ಹಿರಿಯ ಹೆಣ್ಣುಮಕ್ಕಳೊಂದಿಗೆ ಲೂರ್ದಿಗೆ ಯಾತ್ರೆ ಹೊರಟರು. ಮಾತೆ ಮರಿಯಮ್ಮನವರ ದರ್ಶನಗಳಾಗಿ ಆಗ ಇನ್ನೂ ಹತ್ತೊಂಬತ್ತು ವರ್ಷಗಳಷ್ಟೇ ಕಳೆದಿದ್ದವು. ಲೂಯಿ ಸೆಲೀನ್ ಮತ್ತು ತೆರೇಸಾ ಎಂಬ ಇಬ್ಬರು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿದು, ಗುಣವಾಯಿತೆಂಬ ಸುದ್ದಿಗಾಗಿ ಕಾದರು. ಜೆಲಿ ಲೂರ್ದಿನ ನೀರಿನಲ್ಲಿ ನಾಲ್ಕು ಬಾರಿ ಮುಳುಗಿದರು. ಗುಣವಾಗಲಿಲ್ಲ. ಪ್ರಯಾಣದ ಆಯಾಸದಿಂದ ನೋವು ಹೆಚ್ಚಿತು. ಆದರೂ ಆಕೆ ಕೇಳಿದ್ದು ದೊರೆತವರಂತೆ ನಗುಮುಖದಿಂದ ಮರಳಿದ್ದನ್ನು ಕಂಡು ಲೂಯಿಗೆ ಅಚ್ಚರಿಯಾಯಿತು. ಮನೆಯ ಕಳೆ ಸ್ವಲ್ಪ ಹಿಂತಿರುಗಿತು.

ಆಗಸ್ಟ್ ತಿಂಗಳಲ್ಲಿ ಸ್ಥಿತಿ ಬಿಗಡಾಯಿಸಿತು. 26ರ ರಾತ್ರಿ ಲೂಯಿಯೇ ಹೋಗಿ ಗುರುಗಳನ್ನು ಕರೆತಂದರು. ಅಭ್ಯಂಗ ಸಂಸ್ಕಾರದ ವೇಳೆ ಮಕ್ಕಳು ಮಂಡಿಯೂರಿದ್ದರು. ಆಗ ತೆರೇಸಾಗೆ ನಾಲ್ಕೂವರೆ ವರ್ಷ. ಅಂದು ತಂದೆ ಬಿಕ್ಕಿ ಬಿಕ್ಕಿ ಅತ್ತದ್ದು ಆಕೆಯ ನೆನಪಿನಲ್ಲಿ ಉಳಿದು, ಮುಂದೆ ಆತ್ಮಕಥನದಲ್ಲಿ ದಾಖಲಾಯಿತು. ಆಗಸ್ಟ್ 28ರ ನಡುರಾತ್ರಿ ಕಳೆದ ಮೇಲೆ ಜೆಲಿ ಪ್ರಾಣಬಿಟ್ಟರು. ಆಗ ಆಕೆಗೆ ನಲವತ್ತೈದು ವರ್ಷ.

ಲೂಯಿಯ ಸೇವೆ ಅಲ್ಲಿಗೆ ಮುಗಿಯಲಿಲ್ಲ. ತಾಯಿಯಿಲ್ಲದ ಹೆಣ್ಣುಮಕ್ಕಳಿಗೆ ಸೋದರಮಾವ ಮತ್ತು ಅತ್ತೆಯ ಆಸರೆ ಬೇಕೆಂದು, ತನ್ನ ವೃದ್ಧ ತಾಯಿಯೂ ಗೆಳೆಯರೂ ಇದ್ದ ಅಲೆನ್ಸೋನನ್ನು ತೊರೆದು, ಅದೇ ನವೆಂಬರಿನಲ್ಲಿ ಲಿಸ್ಯೂಗೆ ನೆಲೆ ಬದಲಿಸಿದರು. ಮುಂದೆ ಆತನೇ ಪಾರ್ಶ್ವವಾಯು ಮತ್ತು ಬುದ್ಧಿಭ್ರಮಣೆಗೆ ತುತ್ತಾಗಿ 1889ರಿಂದ ಮೂರು ವರ್ಷ ಕಾನ್ ನಗರದ ಆಸ್ಪತ್ರೆಯಲ್ಲಿದ್ದರು. 1894ರಲ್ಲಿ ಮರಣ ಹೊಂದುವವರೆಗೆ ಮಕ್ಕಳು ಆತನನ್ನು ನೋಡಿಕೊಂಡರು. ಆರೈಕೆ ಮಾಡಿದವನಿಗೆ ಆರೈಕೆ ದೊರೆಯಿತು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಈ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ಪತಿಪತ್ನಿಯರಿಬ್ಬರಿಗೂ ಒಟ್ಟಾಗಿ ಸಂತಪದವಿ ದೊರೆತದ್ದು ಅದೇ ಮೊದಲು. ಲೂರ್ದಿನಲ್ಲಿ ಗುಣವಾಗದೆ ಮರಳಿದ ಸ್ತ್ರೀಯನ್ನೂ, ಆಕೆಯನ್ನು ಉಳಿಸಿಕೊಳ್ಳಲಾಗದೆ ಅತ್ತ ಪುರುಷನನ್ನೂ ಧರ್ಮಸಭೆಯು ನಮ್ಮ ಮುಂದೆ ನಿಲ್ಲಿಸಿದೆ ಎಂಬುದನ್ನು ನಾವು ಧ್ಯಾನಿಸಬೇಕು.

ಲೂಯಿಗೆ ಇನ್ನಷ್ಟು ಐಶ್ವರ್ಯವಿದ್ದಿದ್ದರೆ, ದೊಡ್ಡ ನಗರಗಳ ವೈದ್ಯರು ದೊರೆತಿದ್ದರೆ ಎಂದು ನಾವು ಕೇಳಬಹುದು. ಈ ಪ್ರಶ್ನೆಗೆ ಐವತ್ತನಾಲ್ಕು ವರ್ಷಗಳ ನಂತರದ ಇನ್ನೊಂದು ದಾಂಪತ್ಯದಲ್ಲಿ ಉತ್ತರವಿದೆ. ಆ ದಾಂಪತ್ಯಕ್ಕೆ ನಮ್ಮ ನಾಡಿನ ನಂಟೂ ಇದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಎಚ್. ಜೆ. ಭಾಭಾ ಅವರ ಮಗಳು ಮೆಹರ್‌ಬಾಯಿ, 1898ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್ಜಿಯವರನ್ನು ವಿವಾಹವಾದರು. ಅವರಿಗೆ ಮಕ್ಕಳಾಗಲಿಲ್ಲ. ಮೆಹರ್‌ಬಾಯಿ ರಕ್ತದ ಕ್ಯಾನ್ಸರಿಗೆ ತುತ್ತಾಗಿ 1931ರ ಜೂನ್‌ನಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಒಂದು ಶುಶ್ರೂಷಾಲಯದಲ್ಲಿ ನಿಧನರಾದರು. ಭಾರತದ ಅತಿ ಶ್ರೀಮಂತರಲ್ಲಿ ಒಬ್ಬರಾದ ಪತಿಗೂ ಆಕೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ರೋಗವನ್ನು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸುವ ಔಷಧವನ್ನು ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳ ಮೇಲೆ ಪ್ರಯೋಗಿಸಿದ್ದು 1947ರಲ್ಲಿ. ದೊರಾಬ್ಜಿ 1932ರಲ್ಲಿ ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆಗಾಗಿ ದತ್ತಿಯೊಂದನ್ನು ಸ್ಥಾಪಿಸಿ, ತಮ್ಮ ಸಂಪತ್ತನ್ನು ಬಹುಮಟ್ಟಿಗೆ ಇನ್ನೊಂದು ದತ್ತಿಗೆ ಬಿಟ್ಟುಕೊಟ್ಟರು. ಅದೇ ವರ್ಷ ಜೂನ್ 3ರಂದು, ಇಂಗ್ಲೆಂಡಿನಲ್ಲಿದ್ದ ಆಕೆಯ ಸಮಾಧಿಯ ದರ್ಶನಕ್ಕೆ ಹೊರಟವರು ದಾರಿಯಲ್ಲಿ ಜರ್ಮನಿಯಲ್ಲಿಯೇ ಕೊನೆಯುಸಿರೆಳೆದರು. ಅವರ ದತ್ತಿಯ ನೆರವಿನಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರ ಫೆಬ್ರುವರಿ 28ರಂದು ಆರಂಭವಾಯಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಸೇರಿದಾಗ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಹೋಮಿ ಭಾಭಾ, ಮೆಹರ್‌ಬಾಯಿಯವರ ಸಹೋದರನ ಮಗ.

ಒಬ್ಬ ಪತಿ ತನ್ನ ಅಳಲನ್ನು ಐದು ಮಕ್ಕಳ ಪೋಷಣೆಗೆ ತಿರುಗಿಸಿದರು. ಇನ್ನೊಬ್ಬರು ತಾವು ಕಂಡೇ ಇರದ ರೋಗಿಗಳ ಕಡೆಗೆ. ಇಬ್ಬರಿಗೂ ಪತ್ನಿಯನ್ನು ಗುಣಪಡಿಸುವ ಶಕ್ತಿ ಇರಲಿಲ್ಲ. ಉಳಿದ ಶಕ್ತಿಯನ್ನು ಇಬ್ಬರೂ ವ್ಯರ್ಥ ಮಾಡಲಿಲ್ಲ.

ಇಂದಿನ ಸ್ಥಿತಿ ಬೇರೆಯಾಗಿದೆ. ಆರಂಭದಲ್ಲಿಯೇ ಪತ್ತೆಯಾದರೆ ಹಲವು ಬಗೆಯ ಕ್ಯಾನ್ಸರ್ ಗುಣವಾಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ನಾಡಿನ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಆದರೆ ಜೆಲಿಯ ಕಾಲದಲ್ಲಿ ಶಸ್ತ್ರಚಿಕಿತ್ಸೆಯೊಂದೇ ಇದ್ದ ಕಡೆ ಇಂದು ಅದರ ಹಿಂದೆ ಹಲವು ತಿಂಗಳ ಕೀಮೋಥೆರಪಿ, ಜನರು ‘ಕರೆಂಟು ಕೊಡಿಸುವುದು’ ಎನ್ನುವ ವಾರಗಟ್ಟಲೆಯ ವಿಕಿರಣ ಚಿಕಿತ್ಸೆ, ವರ್ಷಗಟ್ಟಲೆ ನುಂಗುವ ಮಾತ್ರೆ ಇವೆ. ವೈದ್ಯಶಾಸ್ತ್ರ ಬೆಳೆದಂತೆ ಸಂಗಾತಿಯ ಹೊಣೆ ಕಡಿಮೆಯಾಗಲಿಲ್ಲ, ದೀರ್ಘವಾಯಿತು. ಕಡತ ಹಿಡಿದು ಸಾಲಿನಲ್ಲಿ ನಿಲ್ಲುವುದು, ವಾಂತಿಯ ಪಾತ್ರೆ ತೊಳೆಯುವುದು, ಕೂದಲುದುರಿದ ತಲೆಯನ್ನು ನೋಡಿಯೂ ಮುಖ ತಿರುಗಿಸದಿರುವುದು, ಕೀಮೋ ನಡೆಯುತ್ತಿರುವಾಗ ಜ್ವರ ಬಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯುವುದು: ಇವು ಮದುವೆಯ ವಾಗ್ದಾನದ ಇಂದಿನ ಅರ್ಥಗಳು.

ಇಲ್ಲಿ ನಮ್ಮ ಕುಟುಂಬಗಳು ಆತ್ಮಶೋಧನೆ ಮಾಡಿಕೊಳ್ಳಬೇಕು. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಪಕ್ಕದಲ್ಲಿರುವುದನ್ನು ನಾವು ಸಹಜವೆಂದು ಎಣಿಸುತ್ತೇವೆ. ಹೆಂಡತಿಗೆ ಕಾಯಿಲೆಯಾದರೆ ಆಕೆಯನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳುವ ಮನೆಗಳು ಇಲ್ಲವೆ? ತನ್ನ ರೋಗದ ಹೆಸರು ರೋಗಿಗೇ ತಿಳಿಯಬಾರದೆಂದು ಎಲ್ಲರೂ ಸೇರಿ ನಟಿಸುವ ಮನೆಗಳು ಇಲ್ಲವೆ? ಅಂಥ ಮನೆಗಳಲ್ಲಿ ರೋಗಿಯು ಎಲ್ಲವನ್ನೂ ಊಹಿಸಿಕೊಂಡು ಒಬ್ಬಂಟಿಯಾಗಿ ನರಳುತ್ತಾಳೆ. ಮಾರ್ಟಿನ್ ದಂಪತಿ ಸತ್ಯವನ್ನು ಹಂಚಿಕೊಂಡು ಅತ್ತರು; ಆದ್ದರಿಂದಲೇ ಕೊನೆಯ ಎಂಟು ತಿಂಗಳನ್ನು ಒಟ್ಟಿಗೆ ಬಾಳಿದರು.

ಧರ್ಮಕೇಂದ್ರಗಳಿಗೂ ಒಂದು ಕರ್ತವ್ಯವಿದೆ. ರೋಗಿಯನ್ನು ಕಾಣಲು ಹೋದ ನಾವೆಲ್ಲರೂ ಹಾಸಿಗೆಯ ಕಡೆಗೆ ನೋಡುತ್ತೇವೆ. ಬಾಗಿಲ ಬಳಿ ನಿಂತವನು ಊಟ ಮಾಡಿದನೇ, ನಿದ್ದೆ ಮಾಡಿದನೇ ಎಂದು ಕೇಳುವವರು ಕಡಿಮೆ. ಒಂದು ರಾತ್ರಿ ಅವನ ಬದಲಿಗೆ ಆಸ್ಪತ್ರೆಯಲ್ಲಿ ಕುಳಿತುಕೊಳ್ಳುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬಸ್ಸಿನ ಖರ್ಚಿಗೆ ಸದ್ದಿಲ್ಲದೆ ನೆರವಾಗುವುದು ಪ್ರಾರ್ಥನೆಯಷ್ಟೇ ಪವಿತ್ರ. ಗುಣವಾಗುವ ಭರವಸೆ ಮುಗಿದ ಮೇಲೂ ಆರೈಕೆ ಮುಗಿಯುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಅಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿವೆ ಎಂಬ ಮಾಹಿತಿಯನ್ನು ತಲುಪಿಸುವುದೂ ಸೇವೆಯೇ.

ಸಂತ ಲೂಯಿ ಮತ್ತು ಸಂತ ಜೆಲಿಯವರ ಸ್ಮರಣೆಯ ದಿನ ಜುಲೈ 12. ಆ ದಿನದ ಬಲಿಪೂಜೆಯಲ್ಲಿ ನಮ್ಮ ಧರ್ಮಕೇಂದ್ರದ ರೋಗಿಗಳ ಹೆಸರುಗಳೊಂದಿಗೆ, ಅವರ ಪಕ್ಕದಲ್ಲಿ ಎಚ್ಚರವಾಗಿರುವ ಗಂಡಂದಿರ, ಹೆಂಡಂದಿರ ಹೆಸರುಗಳನ್ನೂ ಹೇಳಿ ಪ್ರಾರ್ಥಿಸೋಣ. ಪೂಜೆ ಮುಗಿದ ಮೇಲೆ ಅವರಲ್ಲೊಬ್ಬರ ಮನೆಗೆ ಹೋಗಿಬರೋಣ.